ಅಚ್ಚಿಗೆ ಹೊಯ್ದ ಬೆಲ್ಲ ಗಟ್ಟಿಯಾಗದೆ ಅಂಟಂಟಾಗಿ ಉಳಿಯುವುದೇಕೆ?

ಬ್ರಹ್ಮಾವರದ ಹಿತ್ತಿಲ ಕಬ್ಬು, ಕಡಿದ ಮೂರನೇ ದಿನ ಗಾಣಕ್ಕೆ ಕೊಟ್ಟು 20 ಲೀಟರ್ ಕಬ್ಬಿನ ಹಾಲು ಕಾಯಿಸಿದೆವು, ಅಚ್ಚಿನಲ್ಲಿ ನಿಲ್ಲಲಿಲ್ಲ ಎಂದು ಬರೆದಿದ್ದೀರಿ. ನಾನಾದರೆ ಬೆಂಕಿಗಿಂತ ಮೊದಲು ಆ ಮೂರು ದಿನಗಳನ್ನೇ ಹಿಡಿಯುತ್ತೇನೆ. ಕಡಿದಿಟ್ಟ ಕಬ್ಬಿನಲ್ಲಿ ಹರಳುಗಟ್ಟುವ ಸಕ್ಕರೆಯಾದ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರುಕ್ಟೋಸ್ ಆಗುತ್ತಾ ಹೋಗುತ್ತದೆ. ಇವು ಹೆಚ್ಚಾದರೆ ಪಾಕ ಹರಳುಗಟ್ಟುವುದಿಲ್ಲ. ಸಾಲದ್ದಕ್ಕೆ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತವೆ, ನಮ್ಮ ಕರಾವಳಿಯಲ್ಲಿ ಅದಕ್ಕೇನು ಬರವೇ! ಕಡಿದ 24 ಗಂಟೆಯೊಳಗೆ ಅರೆಯಲೇಬೇಕು. ತುದಿಯ ಎಳೆ ಗಣ್ಣುಗಳನ್ನು ಕತ್ತರಿಸಿ ಬಿಡಿ. ಹತ್ತು ತಿಂಗಳು ತುಂಬದ ಕಬ್ಬು ಬೇಡ. ಉಪ್ಪುನೀರು ನುಗ್ಗುವ ಹೊಳೆದಂಡೆಯ ಗದ್ದೆಯದಾದರೆ ಬೆಲ್ಲಕ್ಕೆ ಉಪ್ಪು ರುಚಿ ಬರುತ್ತದೆ, ಬೇಗ ನೀರೂ ಒಡೆಯುತ್ತದೆ.

ಕಾಯಿಸುವಾಗ: ಹಾಲು ಕುದಿ ಹಿಡಿಯುವ ಮೊದಲೇ ಮಡ್ಡಿ ಮೇಲೆ ಬರುತ್ತದೆ, ಅದನ್ನು ಪೂರ್ತಿ ತೆಗೆಯಿರಿ. ಬೆಂಡೆ ಗಿಡದ ಹಸಿ ಕಾಂಡ ಜಜ್ಜಿ ನೀರಲ್ಲಿ ಕಿವುಚಿದ ಲೋಳೆ ಹಾಕಿದರೆ ಕೊಳೆ ಒಟ್ಟುಗೂಡುತ್ತದೆ. ಹಾಲಿನ ಹುಳಿ ತಗ್ಗಿಸಲು ಸುಣ್ಣದ ತಿಳಿನೀರು ಸ್ವಲ್ಪ ಸಾಕು, ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಬಣ್ಣಕ್ಕೆಂದು ಹೈಡ್ರೋಸ್ (ಬಿಳುಪು ಮಾಡುವ ರಾಸಾಯನಿಕ) ಹಾಕಲು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಮನೆಯ ಮಕ್ಕಳು ತಿನ್ನುವ ಬೆಲ್ಲ ಕಂದಾಗಿದ್ದರೆ ನಷ್ಟವೇನಿಲ್ಲ. ನೊರೆ ಉಕ್ಕಿದರೆ ನಾಲ್ಕು ಹನಿ ತೆಂಗಿನೆಣ್ಣೆ.

ಮೊದಲು ಬೆಂಕಿ ಜೋರಾಗಿರಲಿ, ಪಾಕ ದಪ್ಪವಾದ ಮೇಲೆ ತಗ್ಗಿಸಿ. ಅಚ್ಚು ಬೆಲ್ಲಕ್ಕೆ 116ರಿಂದ 118 ಡಿಗ್ರಿ ಸೆಲ್ಸಿಯಸ್ ಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಹನಿ ತಣ್ಣೀರಿಗೆ ಬಿಡಿ: ಕರಗದೆ, ಬೆರಳಲ್ಲಿ ಉರುಟಿದರೆ ಗಟ್ಟಿ ಉಂಡೆಯಾಗಬೇಕು. ಆಗ ತಡ ಮಾಡದೆ ಇಳಿಸಿ, ಹರಳು ಕಾಣುವ ತನಕ ಮರದ ಸಟ್ಟುಗದಿಂದ ಚೆನ್ನಾಗಿ ತಿರುವಿ, ನೀರಲ್ಲಿ ನೆನೆಸಿದ ಮರದ ಅಚ್ಚಿಗೆ ಹೊಯ್ಯಿರಿ. ಬಹಳ ಜನ ಈ ತಿರುವುವ ಕೆಲಸದಲ್ಲೇ ಅವಸರ ಮಾಡುತ್ತಾರೆ. ಒಳ್ಳೆಯ ಕಬ್ಬಾದರೆ 20 ಲೀಟರಿಗೆ ಮೂರೂವರೆ ಕಿಲೋ ಆಸುಪಾಸು ಬೆಲ್ಲ ಸಿಗುತ್ತದೆ.

ಈಗಿರುವುದನ್ನು ಮತ್ತೆ ಕಾಯಿಸಿ ಗಟ್ಟಿ ಮಾಡಲು ಹೋಗಬೇಡಿ. ಒಡೆದ ಸಕ್ಕರೆ ಮತ್ತೆ ಕೂಡುವುದಿಲ್ಲ, ತಳ ಹತ್ತಿ ಕಹಿಯಾಗುತ್ತದೆ. ಸ್ವಲ್ಪ ನೀರು ಸೇರಿಸಿ, 105–106 ಡಿಗ್ರಿಗೆ ಕುದಿಸಿ, ಸೋಸಿ, ಒಣ ಭರಣಿಗೆ ತುಂಬಿ ಬಾಯಿ ಬಿಗಿಯಾಗಿ ಕಟ್ಟಿ. ಜೋನಿಬೆಲ್ಲವಾಗಿ, ಅಂದರೆ ದ್ರವ ಬೆಲ್ಲವಾಗಿ, ನೀರುದೋಸೆಗೆ ಚೆನ್ನಾಗಿ ಹೊಂದುತ್ತದೆ.