ಸಂಪಾದಕರ ಉತ್ತರ: ಕೆಲಸ ಬಿಟ್ಟು ಯುರೋಪಿಗೆ ಹೊರಡುವ ಮುಂಚೆ

ದಾವಣಗೆರೆ ಕಡೆಯ, ಈಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿರುವ ಓದುಗರೊಬ್ಬರು ಬರೆದಿದ್ದಾರೆ: “ನನಗೆ 29 ವರ್ಷ. ಸಾಲವಿಲ್ಲ, ಸ್ವಲ್ಪ ಉಳಿತಾಯವಿದೆ. ರಾಜೀನಾಮೆ ಕೊಟ್ಟು, ಬೆನ್ನಿಗೊಂದು ಚೀಲ ಹಾಕಿಕೊಂಡು ಆರು ತಿಂಗಳು ಯುರೋಪಿನ 18 ನಗರ ಸುತ್ತುವ ಆಸೆ. ದುಡ್ಡು ಮುಗಿದರೆ ಅಲ್ಲೇ ಪ್ರವಾಸಿಗರು ತಂಗುವ ಹಾಸ್ಟೆಲ್‌ಗಳಲ್ಲಿ ಕೆಲಸ ಮಾಡುತ್ತೇನೆ. ಕಳೆದ ವರ್ಷ ಸ್ಟೆಂಟ್ ಹಾಕಿಸಿಕೊಂಡ ಅಪ್ಪ, ‘ಇರೋ ಕೆಲಸ ಬಿಟ್ಟು ಅಲೆಯೋಕೆ ಹೋಗ್ತೀಯಾ’ ಅಂತ ಮಾತೇ ಬಿಟ್ಟಿದ್ದಾರೆ. ಹೋಗಲೋ, ಬೇಡವೋ?”

ಹೋಗಿ. ಕಸುಬು ಕೈಯಲ್ಲಿದೆ, ಕಾಲಲ್ಲಿ ಕಸುವಿದೆ, ತಲೆಯ ಮೇಲೆ ಸಾಲವಿಲ್ಲ. ಇದಕ್ಕಿಂತ ಒಳ್ಳೆಯ ಸಮಯಕ್ಕೆ ಕಾಯುತ್ತಾ ಕೂತರೆ ಅದು ಬರುವುದು ಕಷ್ಟ. ಆದರೆ ನೀವು ಹಾಕಿಕೊಂಡಿರುವ ಲೆಕ್ಕದಲ್ಲಿ ಹೋಗಲು ಆಗುವುದಿಲ್ಲ.

ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ಸಲ್ಲುವ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳ ಒಳಗೆ 90 ದಿನ ಮಾತ್ರ ಇರಬಹುದು. ಅದೂ 29 ದೇಶಗಳಿಗೂ ಸೇರಿ 90. ಷೆಂಗೆನ್‌ಗೆ ಸೇರದ ಸರ್ಬಿಯಾ, ಅಲ್ಬೇನಿಯಾಗಳಲ್ಲಿ ಕಳೆದ ದಿನಗಳು ಇದರಲ್ಲಿ ಸೇರುವುದಿಲ್ಲ ನಿಜ, ಆದರೆ ಅಲ್ಲಿಂದ ಮತ್ತೆ ಷೆಂಗೆನ್ ಒಳಗೆ ಬರಲು ಮಲ್ಟಿಪಲ್ ಎಂಟ್ರಿ ವೀಸಾ ಬೇಕು. ಮೊದಲ ಸಲ ಅರ್ಜಿ ಹಾಕುವವರಿಗೆ, ತೋರಿಸಿದ ಟಿಕೆಟ್ ಮತ್ತು ಬುಕಿಂಗ್‌ಗಳಷ್ಟೇ ದಿನದ ವೀಸಾ ಕೊಡುವುದು ಮಾಮೂಲು.

ಇನ್ನೊಂದು ತೊಡಕಿದೆ. ಈ ಮನುಷ್ಯ ವಾಪಸ್ ಹೋಗುತ್ತಾನಾ ಎಂಬುದನ್ನು ವೀಸಾ ಕೊಡುವ ಕಾನ್ಸುಲೇಟ್‌ನವರು ಮುಖ್ಯವಾಗಿ ನೋಡುತ್ತಾರೆ. ಅದಕ್ಕೇ ಸಂಬಳದ ಚೀಟಿ, ಕಂಪನಿಯ ರಜೆ ಪತ್ರ ಕೇಳುವುದು. ರಾಜೀನಾಮೆ ಕೊಟ್ಟವರು ರಜೆ ಪತ್ರ ಎಲ್ಲಿಂದ ತರಬೇಕು? ಹಾಗಾಗಿ ಮೊದಲು ಸಂಬಳವಿಲ್ಲದ ಮೂರು ತಿಂಗಳ ರಜೆ ಕೇಳಿ ನೋಡಿ. ಕೊಡಲಿಲ್ಲವೆಂದರೆ ವೀಸಾ ಅರ್ಜಿಯ ಜೊತೆ ಕೊಡುವ ಕವರ್ ಲೆಟರ್‌ನಲ್ಲಿ ಇದ್ದದ್ದನ್ನು ಇದ್ದಂತೆ ಬರೆಯಿರಿ. ಕೆಲಸ ಬಿಟ್ಟಿದ್ದೇನೆ, ಉಳಿತಾಯ ಇಷ್ಟಿದೆ, ಐಟಿ ರಿಟರ್ನ್ ಇಲ್ಲಿದೆ, ಇಂಥ ದಿನ ವಾಪಸ್ ಟಿಕೆಟ್ ಇದೆ ಅಂತ. ರಜೆ ಪತ್ರ ತೋರಿಸಿ ವೀಸಾ ತಗೊಂಡು ಮರುದಿನ ರಾಜೀನಾಮೆ ಕೊಡಿ ಎಂದು ಕೆಲವರು ಹೇಳಿಕೊಡುತ್ತಾರೆ. ದಯವಿಟ್ಟು ಕೇಳಬೇಡಿ. ಸಿಕ್ಕಿಬಿದ್ದರೆ ವೀಸಾ ರದ್ದಾಗುತ್ತದೆ. ಆ ದಾಖಲೆ ಷೆಂಗೆನ್ ದೇಶಗಳ ಕಂಪ್ಯೂಟರ್‌ನಲ್ಲಿ ಐದು ವರ್ಷ ಇರುತ್ತದೆ.

ಹಾಸ್ಟೆಲ್ ಕೆಲಸದ ಯೋಚನೆಯನ್ನೂ ಬಿಟ್ಟುಬಿಡಿ. ಸಂಬಳ ತಗೊಳ್ಳದೆ, ಮಲಗಲು ಒಂದು ಹಾಸಿಗೆ ಸಿಕ್ಕರೆ ಸಾಕು ಅಂತ ದುಡಿದರೂ ಬಹಳಷ್ಟು ದೇಶಗಳಲ್ಲಿ ಅದು ಕೆಲಸವೇ. ಪ್ರವಾಸಿ ವೀಸಾದಲ್ಲಿ ಅದಕ್ಕೆ ಅವಕಾಶವಿಲ್ಲ.

ಈಗ 18 ನಗರಗಳ ವಿಷಯ. ಆರಕ್ಕೆ ಇಳಿಸಿ. ಊರು ಬದಲಾಯಿಸುವ ದಿನ ಯಾವ ಊರನ್ನೂ ನೋಡಿದ ಹಾಗಾಗುವುದಿಲ್ಲ. ಬೆಳಿಗ್ಗೆ ಹತ್ತೋ ಹನ್ನೊಂದಕ್ಕೋ ಹಾಸ್ಟೆಲ್ ಖಾಲಿ ಮಾಡಬೇಕು. ಮುಂದಿನ ಊರಲ್ಲಿ ಹಾಸಿಗೆ ಸಿಗುವುದು ಮಧ್ಯಾಹ್ನ ಎರಡು ಮೂರರ ಮೇಲೆ. ನಡುವೆ ಚೀಲ ಹೊತ್ತು ಅಲೆಯುವುದೇ ಆಯಿತು. ಕ್ರಾಕೋವ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಹೀಗೆ ಒಂದಕ್ಕೊಂದು ಹತ್ತಿರದ ಊರುಗಳನ್ನು ಆರಿಸಿಕೊಳ್ಳಿ. ವಿಯೆನ್ನಾದಿಂದ ಬುಡಾಪೆಸ್ಟ್‌ಗೆ ರೈಲಿನಲ್ಲಿ ಮೂರು ಗಂಟೆಯೂ ಬೇಡ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ಗೆ ಹೋಲಿಸಿದರೆ ಇಲ್ಲಿ, ವಿಯೆನ್ನಾ ಒಂದನ್ನು ಬಿಟ್ಟು, ಖರ್ಚೂ ಕಡಿಮೆ. ವಿಯೆನ್ನಾದಲ್ಲೂ ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಬೆಟ್ಟದ ಊಟೆ ನೀರು, ಬಾಟಲಿ ಕೊಳ್ಳಬೇಕಿಲ್ಲ. ಅಲ್ಲಿನ ಸ್ಟೇಟ್ ಒಪೆರಾ ಎಂಬ ಸಂಗೀತ ನಾಟಕಗಳ ರಂಗಮಂದಿರದಲ್ಲಿ ನಿಂತು ಕೇಳುವವರಿಗೆ ಅಗ್ಗದ ಟಿಕೆಟ್ ಇಟ್ಟಿದ್ದಾರೆ. ಒಂದು ಸಂಜೆ ಅದಕ್ಕೆಂದೇ ಇಟ್ಟುಕೊಳ್ಳಿ.

ಊಟಕ್ಕೆ ಹಾಸ್ಟೆಲ್ ಅಡುಗೆಮನೆ ನಂಬಿ. ಬಹಳ ಕಡೆ ಅಲ್ಲೊಂದು ‘ಫ್ರೀ’ ಶೆಲ್ಫ್ ಇರುತ್ತದೆ. ಊರು ಬಿಟ್ಟವರು ಇಟ್ಟುಹೋದ ಅರ್ಧ ಪೊಟ್ಟಣ ಅಕ್ಕಿ, ಪಾಸ್ತಾ, ಉಪ್ಪು, ಎಣ್ಣೆ ಯಾರು ಬೇಕಾದರೂ ತಗೊಳ್ಳಬಹುದು. ಒಗ್ಗರಣೆಗೆ ಸಾಸಿವೆ, ಅರಿಶಿನ ನೀವೇ ಒಯ್ದರೆ ಚಿತ್ರಾನ್ನ ಆಗಿಯೇ ಹೋಯಿತು! ವಾಸನೆಗೆ ಪಕ್ಕದ ಒಲೆಯವರು ಬಂದು ಮಾತಾಡಿಸುತ್ತಾರೆ. ಆ ಮಾತಿಗೆ ಪುರುಸೊತ್ತು ಇರಬೇಕು ಅಂತಲೇ ಆರು ನಗರ ಸಾಕು ಅಂದಿದ್ದು. ವಿಯೆನ್ನಾ ಇರುವ ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿಗಳೆಲ್ಲ ಹೆಚ್ಚೂಕಡಿಮೆ ಬಂದ್, ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ. ಹಾಸ್ಟೆಲ್ ಲಾಕರ್‌ಗೆ ಬೀಗವೂ ನಿಮ್ಮದೇ ಇರಲಿ.

ಅಪ್ಪನ ವಿಷಯ ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ನನ್ನ ಮನಸ್ಸಿಗೆ ಜಾಸ್ತಿ ತಟ್ಟಿದ್ದು ಅದೇ. ಅವರ ಆಸ್ಪತ್ರೆ ಬಿಲ್ ಕಟ್ಟಿದ್ದು ನಿಮ್ಮ ಕಂಪನಿಯ ಗುಂಪು ವಿಮೆ ಅಲ್ವಾ? ಸಾಮಾನ್ಯವಾಗಿ ನಿಮ್ಮ ಕೆಲಸದ ಕೊನೆಯ ದಿನವೇ ಅದರ ರಕ್ಷಣೆಯೂ ಮುಗಿಯುತ್ತದೆ. ಅವರ ಸಿಟ್ಟಿನ ಹಿಂದೆ ಈ ಭಯವೂ ಇರಬಹುದು. ಬಾಯಿಬಿಟ್ಟು ಹೇಳಲು ಸಂಕೋಚ. ಆ ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ. ಅದನ್ನು ಕೆಲಸದಲ್ಲಿರುವಾಗಲೇ ಕೇಳಬೇಕು. ಸ್ಟೆಂಟ್ ಹಾಕಿಸಿಕೊಂಡವರಿಗೆ ಆಮೇಲೆ ಹೊಸದಾಗಿ ಪಾಲಿಸಿ ಸಿಗುವುದು ಬಹಳ ಕಷ್ಟ.

ನಾಳೆಯೇ ಎಚ್‌ಆರ್‌ಗೆ ಒಂದು ಮೇಲ್ ಹಾಕಿ, ವಿಮಾ ಕಂಪನಿಯಲ್ಲಿ ಯಾರನ್ನು ಕಾಣಬೇಕೆಂದು ಕೇಳಿ. ಪಾಲಿಸಿ ಕೈಗೆ ಬಂದ ಮೇಲೆ ಅಪ್ಪನ ಹತ್ತಿರ ಕೂತು ಮಾತಾಡಿ. ರಾಜೀನಾಮೆ ಪತ್ರ ಅದಾದ ಮೇಲೆ ಬರೆಯುವಿರಂತೆ.