1943ರ ಬೆಳ್ಳಿ ಬಣ್ಣದ ಅಮೆರಿಕನ್ ಪೆನ್ನಿಗೆ ನಿಜವಾಗಿ ಎಷ್ಟು ಬೆಲೆ ಸಿಗುತ್ತದೆ?

ಅಜ್ಜನ ಪೆಟ್ಟಿಗೆಯಲ್ಲಿ ಎರಡು ಪೆನ್ನಿ ಸಿಕ್ಕಿವೆ, ಒಂದಕ್ಕೆ ಕಪ್ಪು ಚುಕ್ಕೆ ಬಿದ್ದಿದೆ, ಇನ್ನೊಂದು ಕನ್ನಡಿಯ ಹಾಗೆ ಹೊಳೆಯುತ್ತದೆ, ಇಂಥದ್ದು ಕೋಟಿಗೆ ಹೋಗಿದೆ ಅಂತ ವಿಡಿಯೋದಲ್ಲಿ ನೋಡಿದೆ ಅಂದಿದ್ದೀರಿ. ವಿಡಿಯೋ ಸುಳ್ಳಲ್ಲ. ಆದರೆ ಕೋಟಿಗೆ ಹೋದದ್ದು ಈ ನಾಣ್ಯವಲ್ಲ.

ಯುದ್ಧಕ್ಕೆ ತಾಮ್ರ ಬೇಕಾಗಿದ್ದರಿಂದ ಅಮೆರಿಕದವರು 1943ರಲ್ಲಿ ಪೆನ್ನಿಯನ್ನು, ಅಂದರೆ ಒಂದು ಸೆಂಟಿನ ನಾಣ್ಯವನ್ನು, ಸತು ಲೇಪಿಸಿದ ಉಕ್ಕಿನಲ್ಲಿ ಟಂಕಿಸಿದರು. ಫಿಲಡೆಲ್ಫಿಯಾದಲ್ಲಿ 68 ಕೋಟಿ, ಡೆನ್ವರ್‌ನಲ್ಲಿ ಸುಮಾರು 22 ಕೋಟಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 19 ಕೋಟಿ. (ಅದೇ ವರ್ಷ ನಮ್ಮಲ್ಲೂ ತಾಮ್ರ ಉಳಿಸಲು ತೂತಿನ ಕಾಸು ಬಂತು, ಅದೂ ರಾಶಿ ರಾಶಿ ಸಿಗುತ್ತದೆ.) ಇಷ್ಟೊಂದು ಇರುವ ನಾಣ್ಯಕ್ಕೆ ಬರೀ ಹಳೆಯದೆಂಬ ಕಾರಣಕ್ಕೆ ಬೆಲೆ ಬರುವುದಿಲ್ಲ. ಕೋಟಿ ಬಾಳುವುದು ಹಿಂದಿನ ವರ್ಷದ ಕಂಚಿನ ಬಿಲ್ಲೆ ತಪ್ಪಿ ಯಂತ್ರಕ್ಕೆ ಸಿಕ್ಕಿ ಅಚ್ಚಾದ 1943ರ ತಾಮ್ರಬಣ್ಣದ ಪೆನ್ನಿ. ಡೆನ್ವರ್‌ನ ಅಂಥದ್ದೊಂದು 2010ರಲ್ಲಿ 17 ಲಕ್ಷ ಡಾಲರಿಗೆ ಹೋಯಿತು. ಅದರ ತಿರುವು ಮುರುವು 1944ರದ್ದು: ಆ ವರ್ಷ ಮತ್ತೆ ತಾಮ್ರಕ್ಕೆ ಮರಳಿದ್ದರಿಂದ ಉಕ್ಕಿನಲ್ಲಿ ಬಂದದ್ದೇ ಅಪರೂಪ.

ನಿಮ್ಮ ಎರಡನ್ನೂ ಮೊದಲು ಫ್ರಿಜ್‌ಗೆ ಅಂಟಿಸುವ ಅಯಸ್ಕಾಂತಕ್ಕೆ ಹಿಡಿಯಿರಿ. ಅಂಟಿಕೊಂಡರೆ ಉಕ್ಕು. ತೂಕ 2.7 ಗ್ರಾಂ ಆಸುಪಾಸು ಬರಬೇಕು, ಕಂಚಿನದಾದರೆ 3.11. ಚಿನ್ನದಂಗಡಿಯ ತಕ್ಕಡಿ ಸಾಕು. ಮುಂದೆ ಯಾರಾದರೂ ಕೆಂಪಗಿನ 1943 ತೋರಿಸಿದರೂ ಇದೇ ಕ್ರಮ, ಏಕೆಂದರೆ ಉಕ್ಕಿನ ಪೆನ್ನಿಗೇ ತಾಮ್ರದ ನೀರು ಹಾಕಿ ಮಾರುತ್ತಾರೆ. ಅಯಸ್ಕಾಂತಕ್ಕೆ ಅಂಟದಿದ್ದರೆ ಭೂತಗನ್ನಡಿಯಲ್ಲಿ ಕೊನೆಯ ‘3’ ನೋಡಿ. ಅಸಲಿಯಲ್ಲಿ ಅದರ ಬಾಲ ಉದ್ದವಾಗಿ ಉಳಿದ ಅಂಕೆಗಳಿಗಿಂತ ಕೆಳಗೆ ಇಳಿದಿರುತ್ತದೆ. 1948ರ ‘8’ನ್ನು ಅರ್ಧ ಕೆತ್ತಿ ‘3’ ಮಾಡಿದ ಖೋಟಾದಲ್ಲಿ ಆ ಬಾಲ ಇರುವುದಿಲ್ಲ.

ಇನ್ನು ಕನ್ನಡಿಯಂತೆ ಹೊಳೆಯುವುದು. ನನಗೆ ಅನುಮಾನ ಅದರ ಮೇಲೆಯೇ. ಟಂಕಸಾಲೆಯಿಂದ ಹೊರಬಿದ್ದ ಹೊಸ ಪೆನ್ನಿಯ ಮಿಂಚು ತುಸು ನೀಲಿ ಛಾಯೆಯ ಬೂದು. ದೀಪದ ಕೆಳಗೆ ಓರೆ ಮಾಡಿದರೆ ಬೆಳಕು ಸುತ್ತು ಹಾಕುತ್ತದೆ. ಹಳತನ್ನು ಉಜ್ಜಿ ಮತ್ತೆ ಸತು ಅಥವಾ ಕ್ರೋಮ್ ಹಾಕಿದ್ದು ಸ್ಟೀಲ್ ಚಮಚದಂತೆ ಎಲ್ಲ ಕಡೆ ಒಂದೇ ಸಮ ಹೊಳೆಯುತ್ತದೆ, ಹಿಂಬದಿಯ ಗೋಧಿ ತೆನೆಯ ಗೆರೆಗಳು ಮಾತ್ರ ಸವೆದು ಮಂಕಾಗಿರುತ್ತವೆ. ಗುಟ್ಟು ಅಂಚಿನಲ್ಲಿದೆ. ಆಗ ಉಕ್ಕಿನ ಹಾಳೆಗೆ ಮೊದಲೇ ಸತು ಲೇಪಿಸಿ ಆಮೇಲೆ ಬಿಲ್ಲೆ ಕತ್ತರಿಸುತ್ತಿದ್ದರು, ಹಾಗಾಗಿ ಅಸಲಿಯ ಅಂಚಿನಲ್ಲಿ ಬರಿಯ ಉಕ್ಕು ಕಾಣುತ್ತದೆ. ಅಂಚಿಗೂ ಲೇಪ ಹತ್ತಿದ್ದರೆ ಅದು ಮರುಲೇಪದ್ದು, ಸಂಗ್ರಾಹಕರು ಮುಟ್ಟುವುದಿಲ್ಲ.

ತುಕ್ಕು ಶುರುವಾಗುವುದೂ ಆ ಬೆತ್ತಲೆ ಅಂಚಿನಿಂದಲೇ. ಮೇಲಿನ ಸತು ಬೆವರು, ತೇವಕ್ಕೆ ಮೊದಲು ಮಂಕಾಗಿ ಆಮೇಲೆ ಕಪ್ಪಾಗುತ್ತದೆ. ಆ ಚುಕ್ಕೆಯನ್ನು ಹುಣಸೆಹಣ್ಣು, ನಿಂಬೆ, ಟೂತ್‌ಪೇಸ್ಟ್ ಹಾಕಿ ತಿಕ್ಕಬೇಡಿ: ಆಮ್ಲ ಸತುವನ್ನು ತಿಂದುಹಾಕುತ್ತದೆ, ಇದ್ದ ನಾಲ್ಕು ಕಾಸೂ ಹೋಗುತ್ತದೆ. ಎಣ್ಣೆಜಿಡ್ಡು ಇದ್ದರೆ ಶುದ್ಧ ಅಸಿಟೋನ್‌ನಲ್ಲಿ ಒಂದೆರಡು ನಿಮಿಷ ಅದ್ದಿ, ಉಜ್ಜದೆ ಒಣಗಿಸಿ. ಬಣ್ಣ, ಪರಿಮಳ ಬೆರೆಸಿದ ನೇಲ್‌ಪಾಲಿಶ್ ರಿಮೂವರ್ ಬೇಡ, ಬೆಂಕಿಯ ಹತ್ತಿರವೂ ಬೇಡ. ಪಿವಿಸಿ ಕವರ್ ಬಿಟ್ಟು ಮೈಲಾರ್ (ಪಾಲಿಯೆಸ್ಟರ್ ಹಾಳೆಯ) ಹೋಲ್ಡರ್‌ನಲ್ಲಿಟ್ಟು, ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ. ಕರಾವಳಿಯಲ್ಲಿದ್ದರೆ ಮಳೆಗಾಲದಲ್ಲಿ ಜೆಲ್ ಬದಲಾಯಿಸುತ್ತಿರಿ.

ಬೆಲೆ ಅಂದಾಜು ಹೀಗೆ: ಓಡಾಡಿ ಸವೆದದ್ದು ಒಂದು ಡಾಲರಿನೊಳಗೆ. ಬಳಸದೆ ಉಳಿದು ಗ್ರೇಡ್ (ನಾಣ್ಯದ ಸ್ಥಿತಿಗೆ 70ರವರೆಗೆ ಕೊಡುವ ಅಂಕ) 65 ಬರುವಂಥದ್ದು 10ರಿಂದ 30 ಡಾಲರ್. 67ಕ್ಕೆ ನೂರು ದಾಟುತ್ತದೆ, 68ಕ್ಕೆ ಸಾವಿರದ ಮಾತು. ನಿಮ್ಮ ಚುಕ್ಕೆಯದ್ದು ಮೊದಲ ಸಾಲಿನದ್ದೇ. ಅದನ್ನು ನಾಣ್ಯ ಪರೀಕ್ಷಿಸಿ ಅಂಕ ಕೊಡುವ ಅಮೆರಿಕದ ಕಂಪನಿಗಳಾದ ಪಿಸಿಜಿಎಸ್‌ಗೋ ಎನ್‌ಜಿಸಿಗೋ ಗ್ರೇಡಿಂಗ್‌ಗೆ ಕಳಿಸಿದರೆ ಶುಲ್ಕ ಮತ್ತು ಅಂಚೆ ಖರ್ಚೇ ನಾಣ್ಯದ ಬೆಲೆಯ ಹಲವು ಪಟ್ಟು ಆಗುತ್ತದೆ.

ಒಂದು ಮಾತ್ರ ನೋಡಿಬಿಡಿ. ಇಸವಿಯ ಕೆಳಗೆ ಡೆನ್ವರ್‌ನ ಇಂಗ್ಲಿಷ್ ‘ಡಿ’ ಇದ್ದರೆ, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಅದರ ಪಕ್ಕ ಇನ್ನೊಂದು ‘ಡಿ’ಯ ಅಚ್ಚು ಕಾಣುತ್ತದೆಯೇ ಹುಡುಕಿ. ಎರಡು ಸಲ ಒತ್ತಿದ ಆ ಬಗೆಗೆ ಬೇರೆಯೇ ಗಿರಾಕಿಗಳಿದ್ದಾರೆ. ಕಂಡರೆ ಇಸವಿಯ ಕ್ಲೋಸಪ್ ಮತ್ತು ಅಂಚಿನ ಫೋಟೊ, ಎರಡನ್ನೂ ಇಲ್ಲಿ ಹಾಕಿ.