ಸಂಘದ ಅಕ್ಕನ ಮೂರು ಟ್ರಂಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಬೀಡಿ ಕಾರ್ಮಿಕರ ಸಂಘವನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಸಿದ ಅಕ್ಕ ತೀರಿಕೊಂಡರು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವರು, ಬೀಡಿ ಕಟ್ಟುತ್ತಲೇ ಓದಿ ಐವತ್ತರ ಹತ್ತಿರ ಎಸ್ಸೆಸ್ಸೆಲ್ಸಿ ಪಾಸಾದರು, ಆಮೇಲೆ ಮುಕ್ತ ವಿ.ವಿ.ಯಲ್ಲಿ ಬಿ.ಎ. ಮುಗಿಸಿದರು. ಕಾನೂನು ಪುಸ್ತಕ ಕೊನೆಯವರೆಗೂ ಕೈಬಿಡಲಿಲ್ಲ. ಮೂರು ಟ್ರಂಕು ತುಂಬ ನೋಟ್‌ಬುಕ್, ಕರಪತ್ರ, ಕೋರ್ಟಿನ ಕಾಗದ, ಫೋಟೊ ಇವೆ. ಕೆಲವಕ್ಕೆ ಬೂಷ್ಟು ಹಿಡಿದಿದೆ, ಪುಸ್ತಕಗಳಲ್ಲಿ ಸೂಜಿ ಚುಚ್ಚಿದಂಥ ತೂತುಗಳಿವೆ. ಎಲ್ಲವನ್ನೂ ಲ್ಯಾಮಿನೇಶನ್ ಮಾಡಿಸೋಣವೇ?
— ತೊಕ್ಕೊಟ್ಟಿನ ಓದುಗರು

ಉತ್ತರ: ಲ್ಯಾಮಿನೇಶನ್ ಬೇಡವೇ ಬೇಡ. ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದ ನಾರಿಗೆ ಅಂಟಿದ ಮೇಲೆ ಬಿಡಿಸಲಾಗದು. ತೇವವೂ ಬೂಷ್ಟೂ ಒಳಗೇ ಉಳಿದುಬಿಡುತ್ತವೆ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚುವುದೂ ಬೇಡ. ಕೆಲವೇ ವರ್ಷಗಳಲ್ಲಿ ಟೇಪು ಉದುರುತ್ತದೆ, ಅಂಟು ಮಾತ್ರ ಕಂದು ಕಲೆಯಾಗಿ ಅಕ್ಷರದ ಮೇಲೆ ಕೂರುತ್ತದೆ.

ಮೊದಲು ಟ್ರಂಕುಗಳನ್ನು ನೆಲದಿಂದ ಎತ್ತಿ ಬೆಂಚಿನ ಮೇಲಿಡಿ, ಗೋಡೆಯಿಂದ ಒಂದು ಗೇಣು ದೂರ. ಬೂಷ್ಟು ಹಸಿಯಿರುವಾಗ ಒರೆಸಿದರೆ ಕಾಗದದೊಳಕ್ಕೆ ಇಳಿಯುತ್ತದೆ. ಆದ್ದರಿಂದ ಮೊದಲು ನೆರಳಲ್ಲಿ ಹರಡಿ ಒಣಗಿಸಿ. ಫ್ಯಾನು ಕೋಣೆಯಲ್ಲಿ ತಿರುಗಲಿ, ಆದರೆ ಹಾಳೆಗೆ ನೇರ ಗಾಳಿ ಬೇಡ. ಬಿಸಿಲಿಗೆ ಹಾಕಿದರೆ ಶಾಯಿ ಮಾಸುತ್ತದೆ. ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು, ಜಗಲಿಯ ಹೊರಗೆ ನಿಂತು, ಒಂದಿಂಚಿನ ಮೆತ್ತನೆಯ ಪೇಂಟ್ ಬ್ರಶ್ಶಿನಿಂದ ನಿಮ್ಮ ಮೈಯಿಂದ ಆಚೆಗೆ ಗುಡಿಸಿ. ಮಳೆಗಾಲದಲ್ಲಿ ಟ್ರಂಕು ಎತ್ತಿಡುವುದಷ್ಟನ್ನೇ ಮಾಡಿ, ಒಣಗಿಸುವುದೂ ಉಳಿದ ಕೆಲಸವೂ ದೀಪಾವಳಿ ಕಳೆದ ಮೇಲೆ. ನಮ್ಮ ಕರಾವಳಿಯ ಆಟಿ ತಿಂಗಳ ಜಡಿಮಳೆಯಲ್ಲಿ ಕಾಗದ ಒಣಗಿಸುತ್ತೇನೆಂದು ಹೊರಟರೆ ಸಂಜೆಗೆ ಅದು ಮತ್ತೆ ಮೆತ್ತಗಾಗಿರುತ್ತದೆ. ಒಂದಕ್ಕೊಂದು ಅಂಟಿದ ಫೋಟೊಗಳನ್ನು ಎಳೆಯಬೇಡಿ, ಜೋಡಿಯಾಗಿಯೇ ಇಡಿ. ಅದು ತಿಳಿದವರು ಮಾಡಬೇಕಾದ ಕೆಲಸ.

ಸೂಜಿತೂತು ತಂಬಾಕಿನ ಹುಳದ್ದಿರಬಹುದು. ಬೀಡಿಯ ಹೊಗೆಸೊಪ್ಪಿಗೆ ಬೀಳುವ ಆ ಪುಟ್ಟ ಕಂದು ದುಂಬಿಯೇ ಪುಸ್ತಕದ ಬೈಂಡಿಂಗಿನ ಅಂಟನ್ನೂ ತಿನ್ನುತ್ತದೆ. ಬೀಡಿ ಕಟ್ಟುವ ಮನೆಯ ಪುಸ್ತಕವೆಂದರೆ ಅದಕ್ಕೆ ಊಟ ಎರಡು ಕಡೆ. ತೂತಿನಿಂದ ಸಣ್ಣ ಪುಡಿ ಉದುರುತ್ತಿದ್ದರೆ ಹುಳ ಇನ್ನೂ ಜೀವಂತ ಇರಬಹುದು. ಪುಸ್ತಕ ಚೆನ್ನಾಗಿ ಒಣಗಿದೆಯೆಂದು ನೋಡಿಕೊಂಡು, ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ, ಡೀಪ್ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಫ್ರಿಜ್ಜಿನ ಮೇಲಿನ ಐಸ್ ಡಬ್ಬಿಗೆ ಅಷ್ಟು ಚಳಿ ಸಾಲದು. ಹೊರಗೆ ತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ತಣ್ಣನೆಯ ಪುಟದ ಮೇಲೆ ನೀರು ಕೂರುತ್ತದೆ. ನುಸಿಗುಳಿಗೆಯನ್ನು ನಂಬಿ ಕೂರಬೇಡಿ. ಬೂಷ್ಟಿಗೆ ಅದು ಮದ್ದಲ್ಲ, ಮುಚ್ಚಿದ ಕೋಣೆಯಲ್ಲಿ ಕೂತು ಓದುವವರಿಗೆ ತಲೆನೋವು ಖಾತ್ರಿ.

ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ನನ್ನು ಕಿತ್ತರೆ ಕಾಗದವೂ ಬರುತ್ತದೆ. ಹಳೆ ಫೈಲಿನ ತೆಳು ಪ್ಲಾಸ್ಟಿಕ್ ತುಂಡೊಂದನ್ನು ಪಿನ್ನಿನ ಅಡಿಗೆ ಎರಡೂ ಬದಿ ತೂರಿಸಿ, ಆಮೇಲೆ ಕಾಲುಗಳನ್ನು ಬಿಡಿಸಿ.

ಇಷ್ಟಕ್ಕೂ ಮುಂಚೆ ಮಾಡಬೇಕಾದದ್ದೊಂದಿದೆ: ಅಕ್ಕ ಇಟ್ಟ ಕ್ರಮವನ್ನು ಬರೆದಿಟ್ಟುಕೊಳ್ಳಿ. ‘ಟ್ರಂಕು 2, ಕಟ್ಟು 5, ಕೆಂಪು ದಾರ’ ಎಂದು, ಪೆನ್ಸಿಲಿನಲ್ಲಿ. ವಿಷಯವಾರು ವಿಂಗಡಿಸಿ ಚಂದ ಮಾಡುವ ಉತ್ಸಾಹದಲ್ಲಿ ಸಂಗ್ರಹಗಳು ಕೆಡುತ್ತವೆ. ಕೋರ್ಟಿನ ತೀರ್ಪಿನ ಪ್ರತಿಯ ಮಧ್ಯೆ ವ್ಯಾಕರಣದ ಹಾಳೆ ಸಿಕ್ಕಿದರೆ ಅದು ಅಲ್ಲೇ ಇರಲಿ. ಯಾವ ವರ್ಷ ಏನನ್ನು ಓದುತ್ತ ಯಾವ ಕೇಸು ನಡೆಸಿದರು ಎಂಬುದಕ್ಕೆ ಅದೇ ಸಾಕ್ಷಿ.

ಪ್ರಶ್ನೆ: ಅದೇ ಟ್ರಂಕಿನಲ್ಲಿ ಬೇರೆ ಹೆಂಗಸರ ಲಾಗ್‌ಬುಕ್, ಪಿ.ಎಫ್. ಚೀಟಿಗಳೂ ಇವೆ. ಅವನ್ನು ಪ್ರದರ್ಶನಕ್ಕೆ ಇಡಬಹುದೇ?

ಉತ್ತರ: ಇಡಬೇಡಿ, ಮೊದಲು ಮಾಲೀಕರಿಗೆ ಮುಟ್ಟಿಸಿ. ಬೀಡಿ ಉದ್ಯಮ ಪಿ.ಎಫ್. ವ್ಯಾಪ್ತಿಗೆ ಬಂದದ್ದು 1977ರಲ್ಲಿ. ಮನೆಯಲ್ಲಿ ಕೂತು ಕಟ್ಟುವವರು ಕೂಡ ನೌಕರರೇ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಪಿ.ಎಂ. ಪಟೇಲ್ ಆ್ಯಂಡ್ ಸನ್ಸ್ ಪ್ರಕರಣದಲ್ಲಿ ಹೇಳಿತು. 1995ರ ಪಿಂಚಣಿ ಯೋಜನೆಯಲ್ಲಿ 58ಕ್ಕೆ ಮಾಸಿಕ ಪಿಂಚಣಿ ಸಿಗಬೇಕಾದರೆ 10 ವರ್ಷದ ಸೇವೆ ಲೆಕ್ಕಕ್ಕೆ ಬರಬೇಕು. ಗುತ್ತಿಗೆದಾರ ಬದಲಾದಾಗ, ಹೆಸರಿನ ಕಾಗುಣಿತ ತಪ್ಪಿದಾಗ, ಮದುವೆಯಾಗಿ ಮನೆಹೆಸರು ಬದಲಾದಾಗ ಸೇವೆ ತುಂಡಾಗಿ ಕಾಣುತ್ತದೆ. ಆಗ ಯಾವ ತಿಂಗಳು ಎಷ್ಟು ಸಾವಿರ ಬೀಡಿ ಕೊಟ್ಟರೆಂದು ಬರೆದ ಲಾಗ್‌ಬುಕ್ಕೇ ಆಧಾರ. ಎರಡೂ ಬದಿ ಸ್ಕ್ಯಾನ್ ಮಾಡಿ, ಮೂಲವನ್ನು ಸಹಿ ಹಾಕಿಸಿಕೊಂಡು ಕೊಡಿ. ತೀರಿಕೊಂಡವರದ್ದಾದರೆ ಮನೆಯವರಿಗೆ. ಪಿ.ಎಫ್., ಆಧಾರ್ ಸಂಖ್ಯೆ ಕಾಣುವ ಪುಟ ಯಾವ ಪ್ರದರ್ಶನಕ್ಕೂ ಬೇಡ.

ಅಕ್ಕನ ಕಾನೂನು ಟಿಪ್ಪಣಿಗಳನ್ನು ಜೆರಾಕ್ಸ್ ಮಾಡಿ ಹಂಚುವ ಮುನ್ನ ಪ್ರತಿ ಪುಟಕ್ಕೂ ಬರೆದ ವರ್ಷ ಹಾಕಿ. 20 ದಿನದ ದುಡಿಮೆಗೆ ಒಂದು ದಿನ ಸಂಬಳದ ರಜೆ ಕೊಟ್ಟ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ, ಅದನ್ನು ಎತ್ತಿಹಿಡಿದ 1974ರ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ತೀರ್ಪು, ಇವು ಅವರ ತಲೆಮಾರಿನ ಪಾಠಗಳು. 2025ರ ನವೆಂಬರ್ 21ರಿಂದ ಇಂಥ ಹಳೆ ಕಾಯ್ದೆಗಳ ಜಾಗಕ್ಕೆ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಹಳೆಯ ಸೆಕ್ಷನ್ ಸಂಖ್ಯೆ ಹಿಡಿದು ಇಂದು ಅರ್ಜಿ ಬರೆದರೆ ಕೆಲಸ ಕೆಡುತ್ತದೆ. ಇನ್ನೊಂದು: ಟಿಪ್ಪಣಿಗಳ ಹಕ್ಕುಸ್ವಾಮ್ಯ, ಅವರು ಬೇರೆ ಏನೂ ಬರೆದುಕೊಟ್ಟಿರದಿದ್ದರೆ, ವಾರಸುದಾರರದು. ಲೇಖಕರು ಬದುಕಿದ್ದಾಗ ಪ್ರಕಟವಾಗದ ಬರಹಕ್ಕೆ ಅದು ಮೊದಲು ಪ್ರಕಟವಾದ ಮೇಲೆ 60 ವರ್ಷ ನಡೆಯುತ್ತದೆ. ಪುಸ್ತಕ ಮಾಡುವುದಾದರೆ ಮಕ್ಕಳ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ‘ಬಾಯಿಮಾತು ಸಾಕು, ನಮ್ಮವರೇ ಅಲ್ವಾ’ ಎಂದಲ್ಲಿಯೇ ಜಗಳ ಹುಟ್ಟುವುದು.

ಪ್ರಶ್ನೆ: ಅಕ್ಕನ ಜತೆ ದುಡಿದ ಹಿರಿಯರ ಮಾತು ರೆಕಾರ್ಡ್ ಮಾಡಬೇಕೆಂದಿದ್ದೇವೆ. ಮೊಬೈಲ್ ಸಾಕೇ?
— ಉಡುಪಿ

ಉತ್ತರ: ಸಾಕು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಚಿದ ಬೈರಾಸಿನ (ಟವೆಲಿನ) ಮೇಲೆ ಮಾತಾಡುವವರಿಂದ ಒಂದು ಮೊಳ ದೂರದಲ್ಲಿಡಿ. ಮೇಜಿನ ಮೇಲೆ ಬರಿದೇ ಇಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ಕೇಳುತ್ತದೆ. ಹಂಚಿನ ಮನೆಯಲ್ಲಿ ಮಳೆ ಸುರಿಯುವಾಗ ರೆಕಾರ್ಡ್ ಬೇಡ. ತುಳುವಾಗಲಿ, ಬ್ಯಾರಿಯಾಗಲಿ, ಕೊಂಕಣಿಯಾಗಲಿ, ಅವರ ಮನೆಮಾತಿನಲ್ಲೇ ಕೇಳಿ. ಕನ್ನಡಕ್ಕೆ ಎಳೆದರೆ ಭಾಷಣ ಬರುತ್ತದೆ. ‘ಅವರು ಹೇಗಿದ್ದರು?’ ಎಂದು ಕೇಳಿದರೆ ‘ತುಂಬ ಒಳ್ಳೆಯವರು’ ಎಂಬಲ್ಲಿಗೆ ಮುಗಿಯಿತು. ‘ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಅದನ್ನು ತಿರಸ್ಕರಿಸಿದರೆ ಅಕ್ಕ ಮೊದಲು ಏನು ಕೇಳುತ್ತಿದ್ದರು?’ ಎನ್ನಿ. ಇಸವಿ ನೆನಪಿಲ್ಲದವರಿಗೆ ‘ಮಗಳ ಮದುವೆಗೆ ಮುಂಚೆಯೋ ಆಮೇಲೋ’ ಎಂದರೆ ದಾರಿ ಸಿಗುತ್ತದೆ. ಮುಕ್ಕಾಲು ಗಂಟೆಗೆ ನಿಲ್ಲಿಸಿ. ಅದೇ ದಿನ ಫೈಲಿಗೆ ದಿನಾಂಕ, ಊರು ಸೇರಿಸಿ ಹೆಸರಿಟ್ಟು ಎರಡು ಬೇರೆ ಮನೆಗಳಲ್ಲಿ ಪ್ರತಿ ಇಡಿ. ವಾಟ್ಸಾಪಿನಲ್ಲಿ ಆಡಿಯೊ ಆಗಿ ಕಳಿಸಬೇಡಿ, ಗುಣಮಟ್ಟ ಇಳಿಯಬಹುದು. ಡಾಕ್ಯುಮೆಂಟ್ ಆಗಿ ಕಳಿಸಿ.

ಪ್ರಶ್ನೆ: ನುಡಿನಮನದಲ್ಲಿ ಐದು ನಿಮಿಷ ಮಾತಾಡಬೇಕು.

ಉತ್ತರ: ‘ಸರಳ, ಸಜ್ಜನ, ಸ್ನೇಹಜೀವಿ’ ಬಿಟ್ಟುಬಿಡಿ, ಆ ಮೂರು ಎಲ್ಲರಿಗೂ ಹೇಳಿ ಸವೆದಿವೆ. ಅವರು ಗೆದ್ದ ಒಂದು ಕೇಸು, ಸೋತ ಒಂದು ಕೇಸು ಸಾಕು. ಎ4 ಹಾಳೆ ಒಂದೂವರೆ ಪುಟ ಮೀರದಿರಲಿ.

ಪ್ರಶ್ನೆ: ಅಕ್ಕನ ನೆನಪಿಗೆಂದು ಒಂದು ಲಕ್ಷ ರೂಪಾಯಿ ಒಟ್ಟಾಗಿದೆ. ವರ್ಷಕ್ಕೊಂದು ಪ್ರಶಸ್ತಿ ಕೊಡೋಣವೇ?
— ಸುರತ್ಕಲ್

ಉತ್ತರ: ಶೇ. 6.5ರ ಠೇವಣಿಯಲ್ಲಿ ಒಂದು ಲಕ್ಷಕ್ಕೆ ವರ್ಷಕ್ಕೆ 6,500 ಸಿಗುತ್ತದೆ. ಶಾಲು, ಹಾರ, ಫ್ಲೆಕ್ಸ್, ಮೈಕಿಗೆ ಅದು ಮುಗಿಯಿತು. ಬರೀ ಬಡ್ಡಿಯಿಂದ ವರ್ಷಕ್ಕೆ 10,000 ಬೇಕೆಂದರೆ ಸುಮಾರು 1,54,000 ಠೇವಣಿ ಬೇಕು, ಬಡ್ಡಿ ಇಳಿದರೆ ಅದೂ ಸಾಲದು. ಅದಕ್ಕಿಂತ ದುಡಿಯುವ ಹೆಂಗಸರ ಪರೀಕ್ಷಾ ಶುಲ್ಕ ಕಟ್ಟುವುದು ಮೇಲು. ರಾಷ್ಟ್ರೀಯ ಮುಕ್ತ ಶಾಲೆಯ ಹತ್ತನೇ ತರಗತಿಗೆ ಒಮ್ಮೆ ನೋಂದಾಯಿಸಿದರೆ 5 ವರ್ಷ ನಡೆಯುತ್ತದೆ, ವರ್ಷಕ್ಕೆ ಎರಡು ಸಲ ಪರೀಕ್ಷೆ, ಒಂದೊಂದೇ ವಿಷಯ ಬರೆಯಬಹುದು. ಬೀಡಿ ಕಟ್ಟುವವರಿಗೆ ಹೊಂದುವುದು ಅದೇ. ಹಣವನ್ನು ಒಬ್ಬರ ಹೆಸರಿನ ಖಾತೆಯಲ್ಲಿ ಇಡಬೇಡಿ. ಸಂಘದ ಹೆಸರಿನ ಖಾತೆಯಿರಲಿ, ಇಬ್ಬರ ಸಹಿ ಬೇಕೆಂದಿರಲಿ. ಅರ್ಜಿಯ ನೋಟಿಸನ್ನು ಪೇಪರಿನಲ್ಲಿ ಹಾಕಿ ಕಾಯಬೇಡಿ, ಬೀಡಿ ಬ್ರಾಂಚಿನ ಬಾಗಿಲಲ್ಲಿ ಅಂಟಿಸಿ, ಬೀಡಿ ಕೊಡಲು ಬರುವ ಹೊತ್ತಿಗೆ ಫಾರಂ ತುಂಬಿಸಿಕೊಡಲು ಒಬ್ಬರು ಅಲ್ಲಿ ಕೂರಲಿ.